ಬಲಿತ ಲೋಹ: ಅಲ್ಯೂಮಿನಿಯಂ ಮಿಶ್ರಲೋಹದ ಉಷ್ಣೋಪಚಾರ ಮತ್ತು ಕನ್ನಡ ಪರಿಭಾಷೆಯ ಪ್ರಶ್ನೆ

ಕನ್ನಡದಲ್ಲಿ ಪಾರಿಭಾಷಿಕ ಪದಗಳ ನಿರ್ಮಾಣದ ಕುರಿತು ನಮ್ಮ ವಿದ್ವತ್ ವಲಯದಲ್ಲಿ ನಡೆದಿರುವ ಚರ್ಚೆಗೆ ಒಂದು ಶತಮಾನದ ಇತಿಹಾಸವಿದೆ. 1917ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದ ಕಾಲದಿಂದ, ಡಿ.ಎನ್. ಶಂಕರ ಭಟ್ಟರು ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು ಬೇಕೆಂದು ಪಟ್ಟುಹಿಡಿದು ವಾದಿಸಿದ ಕಾಲದವರೆಗೆ, ಈ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ: ಪದ ಎಲ್ಲಿಂದ ಬರಬೇಕು? ಸಂಸ್ಕೃತದಿಂದಲೋ, ಅಚ್ಚಗನ್ನಡದಿಂದಲೋ, ಇಂಗ್ಲಿಶಿನಿಂದ ನೇರವಾಗಿಯೋ? ಪದದ ಕುಲಗೋತ್ರವನ್ನು ಹೀಗೆ ಎಚ್ಚರದಿಂದ ವಿಚಾರಿಸುವ ನಾವು, ಆ ಪದ ಹೆಸರಿಸಹೊರಟ ಕ್ರಿಯೆ ವಾಸ್ತವದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಅಷ್ಟೇ ಎಚ್ಚರದಿಂದ ವಿಚಾರಿಸಿದ್ದೇವೆಯೇ ಎಂಬ ಸಂಶಯ ನನ್ನದು. ಸಾಹಿತ್ಯದ ವಿದ್ಯಾರ್ಥಿಯೊಬ್ಬಳು ಲೋಹಶಾಸ್ತ್ರದ ವಿಷಯವನ್ನು ಕೈಗೆತ್ತಿಕೊಂಡಿರುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಈ ಸಂಶಯ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ, ಐ.ಟಿ.ಐ. ಮುಗಿಸಿ ಕೆಲಸಕ್ಕೆ ಸೇರುವ ಹುಡುಗರಿಗಾಗಿ ಸಂಸ್ಥೆಯೊಂದು ಸಿದ್ಧಪಡಿಸುತ್ತಿದ್ದ ಪುಸ್ತಿಕೆಯ ಒಂದು ಅಧ್ಯಾಯವನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತು. ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಕಾಯಿಸಿ ಗಟ್ಟಿಗೊಳಿಸುವ ವಿಧಾನ ಆ ಅಧ್ಯಾಯದ ವಸ್ತು. ಕೈಗೆ ಸಿಕ್ಕ ಪದಕೋಶವೊಂದರಲ್ಲಿ ‘ಕ್ವೆಂಚಿಂಗ್’ ಎಂಬುದಕ್ಕೆ ‘ಗಡಸುಗೊಳಿಕೆ’ ಎಂಬ ಅರ್ಥವಿತ್ತು. ‘ಏಜಿಂಗ್’ ಎಂಬುದಕ್ಕೆ ‘ವಯೋವರ್ಧನೆ’. ಈ ಎರಡನ್ನೂ ನಂಬಿ, ಕಾಯಿಸಿದ ಬಿಲ್ಲೆಯನ್ನು ನೀರಿನಲ್ಲಿ ಗಡಸುಗೊಳಿಸಿ ಅನಂತರ ವಯೋವರ್ಧನೆಗೆ ಒಳಪಡಿಸಬೇಕು ಎಂಬ ವಾಕ್ಯವನ್ನು ಬರೆದೆ. ವ್ಯಾಕರಣಶುದ್ಧವಾದ ವಾಕ್ಯ. ಪುಸ್ತಿಕೆ ಅಚ್ಚಾಯಿತು.

ಅಚ್ಚಾದ ಪ್ರತಿಯನ್ನು ಹಿಡಿದು ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿ ಲೋಹ ಕಾಯಿಸುವ ಒಂದು ಸಣ್ಣ ಶೆಡ್ಡಿಗೆ ಹೋದೆ. ನನ್ನ ಸಂಶೋಧನೆಗೆ ಸಂಬಂಧಿಸಿದಂತೆ ವೃತ್ತಿಪದಗಳನ್ನು ಕೇಳಿ ಬರೆದುಕೊಳ್ಳುವುದು ಉದ್ದೇಶವಾಗಿತ್ತು. ಕನಕಪುರದ ಕಡೆಯಿಂದ ಬಂದು ಮೂವತ್ತು ವರ್ಷಗಳಿಂದ ಅದೇ ಕೆಲಸದಲ್ಲಿರುವ ಹಿರಿಯರೊಬ್ಬರು ನನ್ನ ವಾಕ್ಯವನ್ನು ಎರಡು ಸಲ ಓದಿದರು. ಆಮೇಲೆ ಹೇಳಿದರು: “ನೀರಿಂದ ಎತ್ತಿದಾಗ ಇದು ಎಳಸು ಮೇಡಂ. ಸೊಟ್ಟಗಿದ್ರೆ ಆವಾಗ್ಲೇ ನೆಟ್ಟಗೆ ಮಾಡ್ಕೋಬೇಕು. ಒಲೇಲಿ ಇಟ್ಟಮೇಲೇನೆ ಬಲಿಯೋದು.”

ನನ್ನ ವಾಕ್ಯವನ್ನು ನಂಬಿದ ಹುಡುಗ ಏನು ಮಾಡುತ್ತಿದ್ದ ಎಂಬುದನ್ನು ಯೋಚಿಸಬೇಕು. ನೀರಿನಿಂದ ತೆಗೆದ ಭಾಗ ಆಗಲೇ ಗಡಸಾಗಿದೆ ಎಂದು ಭಾವಿಸಿ, ಸೊಟ್ಟಾದದ್ದನ್ನು ನೇರಗೊಳಿಸುವ ಕೆಲಸವನ್ನು ಮುಂದೂಡುತ್ತಿದ್ದ. ಒಲೆಯಿಂದ ಹೊರಬಂದ ಮೇಲೆ ಅದನ್ನು ಬಗ್ಗಿಸಹೋಗಿ ಬಿರುಕು ತರಿಸುತ್ತಿದ್ದ. ಅಥವಾ, ವಯಸ್ಸು ಹೆಚ್ಚಿಸುವುದೆಂದರೆ ಸವೆಸುವುದೆಂದೇ ತಿಳಿದು, ಒಲೆಯ ಕೆಲಸ ಅಷ್ಟೇನೂ ಮುಖ್ಯವಲ್ಲ ಎಂದುಕೊಳ್ಳುತ್ತಿದ್ದ. ಪುಸ್ತಿಕೆಯ ಉಳಿದ ಪ್ರತಿಗಳಿಗೆ ಆನಂತರ ತಿದ್ದೋಲೆ ಅಂಟಿಸಲಾಯಿತು. ಅಷ್ಟರೊಳಗೆ ಹಂಚಿಹೋದ ಪ್ರತಿಗಳ ಮಾತು ಬೇರೆ.

ತಪ್ಪು ಎಲ್ಲಿಂದ ಬಂದಿತು? ಪದಕೋಶಕಾರರ ಅಜ್ಞಾನದಿಂದ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅನ್ಯಾಯ. ‘ಗಡಸುಗೊಳಿಕೆ’ ಎಂಬ ಅರ್ಥ ಉಕ್ಕಿನ ಮಟ್ಟಿಗೆ ಸರಿಯಾದುದೇ. ನಮ್ಮ ಭಾಷೆಗೆ ಕಬ್ಬಿಣದ ಪರಿಚಯ ಬಹು ಹಳೆಯದು. ಕುಲುಮೆ, ತಿದಿ, ಇಕ್ಕಳ, ಅಡಿಗಲ್ಲು ಎಂಬ ಪದಗಳ ಜೊತೆಗೆ ಕಮ್ಮಾರನ ಅನುಭವವೂ ಭಾಷೆಯೊಳಗೆ ಇಳಿದಿದೆ. ಕುಡುಗೋಲಿನ ಬಾಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಆ ಕ್ಷಣವೇ ಗಡಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಆ ಪೆಡಸುತನವನ್ನು ಕಳೆಯಲು ಮತ್ತೆ ಹಿತವಾಗಿ ಕಾಯಿಸಬೇಕು. ಈ ಎರಡನೆಯ ಬೆಂಕಿ ಗಡಸುತನವನ್ನು ಸ್ವಲ್ಪ ಇಳಿಸಿ, ಮುರಿಯದೆ ತಾಳಿಕೊಳ್ಳುವ ಗುಣವನ್ನು ತರುತ್ತದೆ. ಇಡೀ ಕ್ರಿಯೆಗೆ ನಮ್ಮವರು ಕೊಟ್ಟ ಹೆಸರು ‘ಹದ’. ಈ ಪದದ ವ್ಯಾಪ್ತಿ ಅಸಾಧಾರಣವಾದುದು. ಬಿತ್ತನೆಗೆ ಮಣ್ಣಿನ ಹದ, ಹೋಳಿಗೆಗೆ ಕಣಕದ ಹದ, ಬೆಲ್ಲಕ್ಕೆ ಪಾಕದ ಹದ, ಕತ್ತಿಗೆ ಅಲಗಿನ ಹದ. ತೆಲುಗಿನ ‘ಪದುನು’ ಕೂಡ ಮಣ್ಣಿನ ತೇವವನ್ನೂ ಕತ್ತಿಯ ಹರಿತವನ್ನೂ ಒಟ್ಟಿಗೆ ಸೂಚಿಸುತ್ತದೆ ಎಂಬುದನ್ನು ಗಮನಿಸಿದರೆ, ಈ ಅನುಭವ ಕನ್ನಡವೊಂದರದೇ ಅಲ್ಲ, ದ್ರಾವಿಡ ಭಾಷೆಗಳ ಸಾಮಾನ್ಯ ಆಸ್ತಿ ಎಂಬುದು ಸ್ಪಷ್ಟವಾಗುತ್ತದೆ.

ಅಲ್ಯೂಮಿನಿಯಂ ಈ ಅನುಭವದ ಹೊರಗಿನ ಲೋಹ. ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ಬೇರ್ಪಡಿಸುವ ವಿಧಾನ ದೊರೆತದ್ದೇ 1886ರಲ್ಲಿ. ನಮ್ಮ ಅಡುಗೆಮನೆಗೆ ಅದು ಪಾತ್ರೆಯಾಗಿ ಬಂದಿತು. (ಆ ಪಾತ್ರೆಗಳನ್ನು ‘ಇಂಡಾಲಿಯಂ’ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿಗೆ ಅದೊಂದು ವ್ಯಾಪಾರಿ ಹೆಸರೆಂಬುದು ಕೊನೆಯವರೆಗೂ ತಿಳಿದಿರಲಿಲ್ಲ.) ಬಲಿಷ್ಠ ಮಿಶ್ರಲೋಹದ ರೂಪದಲ್ಲಿ ಅದು ಬೆಂಗಳೂರಿನ ದುಡಿಯುವ ಜನರ ಕೈಗೆ ಬಂದದ್ದು ಮುಖ್ಯವಾಗಿ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪನೆಯಾದ ಮೇಲೆ. ಅಂದರೆ, ಕಮ್ಮಾರನ ಕುಲುಮೆಯ ಭಾಷೆ ಸಿದ್ಧವಾಗಿ ಎಷ್ಟೋ ಶತಮಾನಗಳಾದ ಮೇಲೆ ಬಂದ ಈ ಹೊಸ ಲೋಹಕ್ಕೆ ನಾವು ಹಳೆಯ ಲೋಹದ ಅಂಗಿಯನ್ನೇ ತೊಡಿಸಿದ್ದೇವೆ.

ವಿಶೇಷವೆಂದರೆ, ಈ ತಪ್ಪನ್ನು ಮೊದಲು ಮಾಡಿದವರು ಕನ್ನಡಿಗರಲ್ಲ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞ, ಸುಮಾರು ಶೇ. 4ರಷ್ಟು ತಾಮ್ರ ಮತ್ತು ಅತ್ಯಲ್ಪ ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಮ್ಮನ್ನು 500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ನೀರಿಗೆ ಅದ್ದಿದ. ಉಕ್ಕಿನಂತೆ ಇದೂ ಆ ಕೂಡಲೇ ಗಡಸಾಗಬೇಕೆಂಬುದು ಅವನ ನಿರೀಕ್ಷೆ. ಆಗಲಿಲ್ಲ. ಶನಿವಾರ ಅರ್ಧಕ್ಕೆ ನಿಂತ ಅಳತೆಗಳನ್ನು ಸೋಮವಾರ ಮುಂದುವರಿಸಿದಾಗ, ಯಾರೂ ಮುಟ್ಟದೆ ಬಿದ್ದಿದ್ದ ಅದೇ ತುಂಡು ಗಮನಾರ್ಹವಾಗಿ ಗಡಸಾಗಿತ್ತು ಎಂಬ ಪ್ರಸಂಗ ಲೋಹಶಾಸ್ತ್ರದ ಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ಇದರ ಫಲವೇ ‘ಡ್ಯುರಾಲುಮಿನ್’ ಎಂಬ ಮಿಶ್ರಲೋಹ. ಗಡಸುತನವನ್ನು ತಂದದ್ದು ನೀರಲ್ಲ, ಕಾಲ. ವಿಲ್ಮ್ ತನ್ನ ತಪ್ಪು ನಿರೀಕ್ಷೆಯನ್ನು ಎರಡು ದಿನಗಳಲ್ಲಿ ತಿದ್ದಿಕೊಂಡ. ನಮ್ಮ ಪದಕೋಶದಲ್ಲಿ ಅದು ಶತಮಾನ ಕಳೆದರೂ ಹಾಗೆಯೇ ಉಳಿದಿದೆ.

ಏಕೆ ಹೀಗಾಗುತ್ತದೆ ಎಂಬುದಕ್ಕೆ ವಿವರಣೆ ತಡವಾಗಿ ದೊರೆಯಿತು. 1919ರಲ್ಲಿ ಅಮೆರಿಕದ ಮೆರಿಕಾ ಮತ್ತು ಸಂಗಡಿಗರು ಅದರ ತತ್ತ್ವವನ್ನು ಸೂಚಿಸಿದರು. 1938ರಲ್ಲಿ ಫ್ರಾನ್ಸಿನ ಗಿನಿಯೆ ಮತ್ತು ಇಂಗ್ಲೆಂಡಿನ ಪ್ರೆಸ್ಟನ್ ಪ್ರತ್ಯೇಕವಾಗಿ ಕ್ಷ-ಕಿರಣಗಳ ಮೂಲಕ ಅದನ್ನು ಕಂಡರು. ಸಕ್ಕರೆಯ ಪಾಕವನ್ನು ನೆನೆದರೆ ಈ ತತ್ತ್ವ ಅರ್ಥವಾಗುತ್ತದೆ. ಬಿಸಿನೀರಿನಲ್ಲಿ ಹೆಚ್ಚು ಸಕ್ಕರೆ ಕರಗುತ್ತದೆ, ಆರಿದಾಗ ಹೆಚ್ಚಾದದ್ದು ಹರಳುಗಟ್ಟಿ ಬೇರೆಯಾಗುತ್ತದೆ. ಅಲ್ಯೂಮಿನಿಯಂ ಕೂಡ ಕಾದಾಗ, ತಾನು ಘನರೂಪದಲ್ಲಿ ಇದ್ದುಕೊಂಡೇ, ಹೆಚ್ಚು ತಾಮ್ರವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. 548 ಡಿಗ್ರಿಯಲ್ಲಿ ಅದು ಶೇ. 5.6ರಷ್ಟು ತಾಮ್ರವನ್ನು ಹಿಡಿಯಬಲ್ಲದು. ಕೊಠಡಿಯ ಉಷ್ಣತೆಯಲ್ಲಿ ಈ ಪ್ರಮಾಣ ತೀರಾ ಅಲ್ಪ. ನಿಧಾನವಾಗಿ ಆರಿಸಿದರೆ ತಾಮ್ರ ದಪ್ಪ ದಪ್ಪ ಕಣಗಳಾಗಿ ದೂರದೂರ ಕೂರುತ್ತದೆ, ಲೋಹ ಮೆತ್ತಗೇ ಇರುತ್ತದೆ. ಥಟ್ಟನೆ ನೀರಿಗೆ ಹಾಕಿದರೆ ತಾಮ್ರಕ್ಕೆ ಹೊರಬರಲು ಸಮಯ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ, ದಿನಗಳಲ್ಲಿ ತಾನಾಗಿಯೋ, ಹಿತವಾದ ಶಾಖದಲ್ಲಿ ಗಂಟೆಗಳಲ್ಲಿಯೋ, ಆ ತಾಮ್ರದ ಪರಮಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಪುಗಳಾಗಿ ಒತ್ತೊತ್ತಾಗಿ ನೆರೆಯುತ್ತವೆ. ಲೋಹ ಬಾಗುವುದೆಂದರೆ ಅದರ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಈ ಗುಂಪುಗಳು ಜಾರುವಿಕೆಗೆ ಅಡ್ಡಬರುತ್ತವೆ. ಅಡ್ಡಿ ಹೆಚ್ಚಿದಷ್ಟೂ ಲೋಹ ಗಡಸು. ಶಾಖ ಮಿತಿಮೀರಿದರೆ, ಅಥವಾ ಹೊತ್ತು ಹೆಚ್ಚಾದರೆ, ಸಣ್ಣ ಗುಂಪುಗಳು ಕರಗಿ ಕೆಲವೇ ದೊಡ್ಡ ಕಣಗಳು ಬೆಳೆಯುತ್ತವೆ. ಅವುಗಳ ನಡುವಣ ತೆರಪು ಹೆಚ್ಚುತ್ತದೆ, ಗಡಸುತನ ಮತ್ತೆ ಇಳಿಯುತ್ತದೆ.

ಇದನ್ನು ಅಂಕಿಗಳಲ್ಲಿಯೂ ನೋಡಬಹುದು. ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆತ 6061 ಎಂಬ ಮಿಶ್ರಲೋಹ ನಮ್ಮ ಊರಿನ ಸಣ್ಣ ಕಾರ್ಖಾನೆಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಗಡಸಾದ ಗುಂಡೊಂದನ್ನು ಒತ್ತಿ, ಮೂಡಿದ ಗುಳಿಯನ್ನು ಅಳೆಯುವ ಬ್ರಿನೆಲ್ ಮಾನದಲ್ಲಿ, ಮೆತ್ತಗಾಗಿಸಿದ 6061ರ ಗಡಸುತನ ಸುಮಾರು 30. ಸುಮಾರು 530 ಡಿಗ್ರಿಗೆ ಕಾಯಿಸಿ, ನೀರಿಗೆ ಹಾಕಿ, ಕೊಠಡಿಯ ಉಷ್ಣತೆಯಲ್ಲಿ ದಿನಗಟ್ಟಲೆ ಬಿಟ್ಟರೆ ಸುಮಾರು 65. ನೀರಿನಿಂದ ತೆಗೆದುದನ್ನು 175 ಡಿಗ್ರಿಯ ಒಲೆಯಲ್ಲಿ ಎಂಟು ಗಂಟೆಗಳ ಕಾಲ ಇಟ್ಟರೆ ಸುಮಾರು 95. ಉಕ್ಕಿನಲ್ಲಿ ಗಡಸುತನವನ್ನು ಇಳಿಸುವ ಎರಡನೆಯ ಬೆಂಕಿ ಇಲ್ಲಿ ಅದನ್ನು ಏರಿಸುತ್ತದೆ. ಒಂದೇ ಕನ್ನಡ ಪದದಿಂದ ಈ ಎರಡನ್ನೂ ಹೆಸರಿಸಹೋದರೆ ಆಗುವ ಅನರ್ಥ ನನ್ನ ವಾಕ್ಯದಲ್ಲಿ ಆದದ್ದೇ.

ಈಗ ‘ಬಲಿ’ ಎಂಬ ಕ್ರಿಯಾಪದಕ್ಕೆ ಬರೋಣ. ತೆಂಗಿನಕಾಯಿ ಬಲಿಯುತ್ತದೆ, ಬಿದಿರು ಬಲಿಯುತ್ತದೆ, ಎರಡು ದಿನ ಕೀಳದೆ ಬಿಟ್ಟ ಬೆಂಡೆಕಾಯಿ ಬಲಿತುಹೋಗುತ್ತದೆ. ‘ಮಾಗು’ ಎಂಬುದು ಕಾಲ ಕಳೆದು ಮೆತ್ತಗಾಗುವುದನ್ನು ಹೇಳಿದರೆ, ‘ಬಲಿ’ ಎಂಬುದು ಕಾಲ ಕಳೆದು ಗಟ್ಟಿಯಾಗುವುದನ್ನು ಹೇಳುತ್ತದೆ. ಕಾಲ ಮತ್ತು ಕಾಠಿನ್ಯ ಎರಡನ್ನೂ ಒಂದೇ ಧಾತುವಿನಲ್ಲಿ ಹಿಡಿದ ಈ ಪದಕ್ಕೆ ಇಂಗ್ಲಿಶಿನ ಮೂಲಪದದಲ್ಲಿಯೂ ಇಲ್ಲದ ನಿಖರತೆಯಿದೆ. ‘ಏಜಿಂಗ್’ ಎಂಬುದರಲ್ಲಿ ಕಾಲ ಮಾತ್ರ ಇದೆ. ಅದರ ವಿರುದ್ಧಪದವಾದ ‘ಎಳಸು’ ಕೂಡ ನೀರಿನಿಂದ ಆಗತಾನೇ ತೆಗೆದ ಲೋಹದ ಸ್ಥಿತಿಗೆ ಹೇಳಿ ಮಾಡಿಸಿದಂತಿದೆ. ಈ ಎಳಸು ಸ್ಥಿತಿ ಕೇವಲ ಕಲ್ಪನೆಯಲ್ಲ. ವಿಮಾನಗಳ ಹೊದಿಕೆಯನ್ನು ಬಿಗಿಯುವ ಕೆಲವು ಜಾತಿಯ ರಿವೆಟ್‌ಗಳನ್ನು ನೀರಿಗೆ ಹಾಕಿದ ಕೂಡಲೇ ಶೀತಪೆಟ್ಟಿಗೆಯಲ್ಲಿ ಇಡುತ್ತಾರೆ. ಚಳಿಯಲ್ಲಿ ಬಲಿಯುವಿಕೆ ತಡೆಹಿಡಿಯಲ್ಪಡುತ್ತದೆ. ಹೊರತೆಗೆದ ಮೇಲೆ ಕೆಲವೇ ನಿಮಿಷಗಳೊಳಗೆ ಹೊಡೆದು ಕೂರಿಸಬೇಕು, ಆಮೇಲೆ ಅವು ತಾವಿದ್ದಲ್ಲಿಯೇ ಬಲಿಯುತ್ತವೆ. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಬನಶಂಕರಿಯಲ್ಲಿ ನೆಲೆಸಿರುವ ನನ್ನ ಸೋದರಮಾವ ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದರು. ಅದು ಭಾಷೆಗೆ ಸಂಬಂಧಿಸಿದ ವಿಷಯವೆಂದು ನನಗೆ ಹೊಳೆದಿರಲಿಲ್ಲ.

ಆಕ್ಷೇಪಗಳಿಲ್ಲದಿಲ್ಲ. ‘ಬಲಿ’ ಎಂದೊಡನೆ ನಾಮಪದವಾದ ಸಂಸ್ಕೃತದ ಬಲಿ, ಅಂದರೆ ನೈವೇದ್ಯ ಅಥವಾ ಆಹುತಿ, ಕಿವಿಗೆ ಮೊದಲು ಬೀಳುತ್ತದೆ. ‘ಬಲಿ ಉಪಚಾರ’ ಎಂಬ ಶೀರ್ಷಿಕೆಯ ಅಧ್ಯಾಯವನ್ನು ಓದಲು ಯಾರಿಗೂ ಧೈರ್ಯ ಬಾರದು. ಆದುದರಿಂದ ‘ಬಲಿಯುವಿಕೆ’, ‘ಬಲಿಸುವಿಕೆ’, ‘ಬಲಿತ’ ಎಂಬ ಸಾಧಿತ ರೂಪಗಳನ್ನೇ ಬಳಸಬೇಕಾಗುತ್ತದೆ. ತಾನಾಗಿ ಆದರೆ ಬಲಿಯುವಿಕೆ, ಒಲೆಯಲ್ಲಿ ಇಟ್ಟು ಮಾಡಿದರೆ ಬಲಿಸುವಿಕೆ. ಕನ್ನಡದ ಪ್ರೇರಣಾರ್ಥಕ ಪ್ರತ್ಯಯವೇ ಇಲ್ಲಿ ಸಹಜ ಮತ್ತು ಕೃತಕ ಎಂಬ ವಿಶೇಷಣಗಳ ಕೆಲಸವನ್ನು ಮಾಡುತ್ತದೆ ಎಂಬುದು ವೈಯಾಕರಣರಿಗೆ ಸಂತೋಷದ ವಿಷಯ. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಒಬ್ಬ ಹಿರಿಯ ಕೆಲಸಗಾರರ ಬಾಯಿಂದ ಬಂದ ಮಾತು ಇಡೀ ವೃತ್ತಿಯ ಪದವಾಗುವುದಿಲ್ಲ. ಅದೇ ಬಡಾವಣೆಯ ಬೇರೆ ಎರಡು ಶೆಡ್ಡುಗಳಲ್ಲಿ ನಾನು ಕೇಳಿದ್ದು ‘ಏಜಿಂಗ್’ ಎಂಬ ಪದವನ್ನೇ. ಅಲ್ಲಿ ದುಡಿಯುವವರಲ್ಲಿ ಅನೇಕರು ತಮಿಳು, ತೆಲುಗು, ಹಿಂದಿ ಮಾತೃಭಾಷೆಯವರಾಗಿದ್ದು ಇಂಗ್ಲಿಶ್ ಪದವೇ ಅವರ ನಡುವಣ ಸೇತುವೆಯಾಗಿದೆ. ಆ ಸೇತುವೆಯನ್ನು ಕೀಳಬೇಕೆಂದು ನಾನು ಹೇಳುತ್ತಿಲ್ಲ. ‘ಟಿ6’ ಎಂಬ ಸಂಕೇತವನ್ನು ಕನ್ನಡಿಸುವ ಉತ್ಸಾಹ ನನಗಿಲ್ಲ.

ಅಚ್ಚಗನ್ನಡವೇ ಸದಾ ಗೆಲ್ಲುತ್ತದೆ ಎಂಬ ವಾದವೂ ನನ್ನದಲ್ಲ. ಇದೇ ಕ್ರಿಯೆಯ ಮೊದಲ ಹಂತವನ್ನು ನೋಡಿ. ತಾಮ್ರವನ್ನು ಅಲ್ಯೂಮಿನಿಯಮ್ಮಿನೊಳಗೆ ಸೇರಿಸಿಕೊಳ್ಳಲು ಕಾಯಿಸುವ ಈ ಹಂತಕ್ಕೆ ಇಂಗ್ಲಿಶಿನಲ್ಲಿ ‘ಸೊಲ್ಯೂಶನ್ ಟ್ರೀಟ್‌ಮೆಂಟ್’ ಎಂಬ ಹೆಸರಿದೆ. ನಾನು ಕಂಡ ಯಂತ್ರಾನುವಾದದ ಪುಟವೊಂದರಲ್ಲಿ ಇದು ‘ಪರಿಹಾರ ಚಿಕಿತ್ಸೆ’ ಎಂದಾಗಿತ್ತು. ಅದನ್ನು ನಕ್ಕು ಬಿಡಬಹುದು. ಆದರೆ ‘ಕರಗಿಸುವ ಕಾಯಿಸುವಿಕೆ’ ಎಂದು ಅಚ್ಚಗನ್ನಡದಲ್ಲಿ ಹೇಳಿದರೆ ನಗುವಂತಿಲ್ಲ, ಅದು ಅಪಾಯಕಾರಿ. ಸಕ್ಕರೆ ನೀರಿನಲ್ಲಿ ‘ಕರಗು’ವುದನ್ನೂ ಬೆಣ್ಣೆ ಬೆಂಕಿಯಲ್ಲಿ ‘ಕರಗು’ವುದನ್ನೂ ಕನ್ನಡ ಒಂದೇ ಪದದಿಂದ ಸೂಚಿಸುತ್ತದೆ. 2024 ಎಂಬ ಮಿಶ್ರಲೋಹವನ್ನು ಈ ಹಂತದಲ್ಲಿ ಸುಮಾರು 495 ಡಿಗ್ರಿಗೆ ಕಾಯಿಸಬೇಕು. 502 ಡಿಗ್ರಿಯ ಸುಮಾರಿಗೆ ಅದರೊಳಗಿನ ಕಣಗಳ ಅಂಚು ದ್ರವಿಸತೊಡಗುತ್ತದೆ. ಹಾಗೆ ದ್ರವಿಸಿದ ಬಿಡಿಭಾಗವನ್ನು ಮತ್ತೆ ಯಾವ ಉಪಚಾರದಿಂದಲೂ ಸರಿಪಡಿಸಲಾಗದು, ಗುಜರಿಗೆ ಹಾಕಬೇಕು. ಕರಗಬೇಕಾದುದು ತಾಮ್ರ, ಕರಗಬಾರದುದು ಲೋಹ. ಈ ಎರಡು ‘ಕರಗು’ಗಳ ನಡುವೆ ಇರುವುದು ಏಳೆಂಟು ಡಿಗ್ರಿಗಳ ಅಂತರ. ಇಲ್ಲಿ ‘ವಿಲೀನ’ ಎಂಬ ಸಂಸ್ಕೃತ ಪದವೇ ಮೇಲು. ‘ವಿಲೀನಗೊಳಿಸಲು ಕಾಯಿಸುವುದು’ ಎಂದಾಗ ದ್ರವಿಸುವಿಕೆಯ ಭ್ರಮೆ ಉಂಟಾಗುವುದಿಲ್ಲ. ಒಂದೇ ಕ್ರಿಯೆಯ ಮೂರು ಹಂತಗಳಲ್ಲಿ ಮೊದಲನೆಯದಕ್ಕೆ ಸಂಸ್ಕೃತ, ಎರಡನೆಯದಕ್ಕೆ ‘ನೀರಿಗೆ ಹಾಕುವುದು’ ಎಂಬ ಬರಿಯ ಮಾತು, ಮೂರನೆಯದಕ್ಕೆ ‘ಬಲಿಸುವಿಕೆ’ ಎಂಬ ದೇಸಿ. ಇಂಥ ಮಿಶ್ರಣ ಶುದ್ಧಿವಾದಿಗಳಿಗೆ ಒಗ್ಗದಿರಬಹುದು. ಆದರೆ ಮೂರೂ ತಮ್ಮ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತವೆ.

ಇದೆಲ್ಲ ಇಂಜಿನಿಯರುಗಳ ಕೆಲಸವಲ್ಲವೇ, ಕನ್ನಡ ವಿಭಾಗಕ್ಕೇನು ಸಂಬಂಧ ಎಂಬ ಪ್ರಶ್ನೆಯನ್ನು ವಿಚಾರಗೋಷ್ಠಿಯೊಂದರಲ್ಲಿ ನನಗೆ ಕೇಳಲಾಯಿತು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿ ನೀಡಿದಾಗ ಕರ್ನಾಟಕದ ಕೆಲವು ಕಾಲೇಜುಗಳೂ ಕನ್ನಡ ಮಾಧ್ಯಮದ ತರಗತಿಗಳಿಗೆ ಮುಂದಾದವು, ವಿದ್ಯಾರ್ಥಿಗಳು ಮುಂದೆ ಬರಲಿಲ್ಲ. ಉದ್ಯೋಗದ ಭಯ ಅದಕ್ಕೆ ಮುಖ್ಯ ಕಾರಣವೆಂಬುದನ್ನು ಒಪ್ಪುತ್ತೇನೆ. ಆದರೆ ಆ ತರಗತಿಗಳು ತುಂಬಿದ್ದರೆ ಅಧ್ಯಾಪಕರು ಯಾವ ಪದಗಳಿಂದ ಪಾಠ ಮಾಡುತ್ತಿದ್ದರು? ನನ್ನ ‘ವಯೋವರ್ಧನೆ’ಯಿಂದಲೇ? ಕುಂಬಾರಿಕೆ, ನೇಯ್ಗೆ, ಬೇಸಾಯಗಳ ಪದಗಳನ್ನು ಊರೂರು ಅಲೆದು ಸಂಗ್ರಹಿಸಿದ ಪರಂಪರೆ ನಮ್ಮ ವಿಭಾಗಗಳಿಗಿದೆ. ಆ ಸಂಗ್ರಹ ಹಳ್ಳಿಯ ಗಡಿಯಲ್ಲಿಯೇ ನಿಂತಿತು. ಕನ್ನಡದ ವೃತ್ತಿಪದವೆಂದರೆ ಅಳಿಯುತ್ತಿರುವ ವೃತ್ತಿಯ ಪದ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬನಶಂಕರಿ ಎರಡನೆಯ ಹಂತದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಚೇರಿಯಿದೆ. ಅದರ ‘ಬಾಲವಿಜ್ಞಾನ’ವನ್ನು ಓದಿ ಬೆಳೆದವರಲ್ಲಿ ನಾನೂ ಒಬ್ಬಳು. ಅಲ್ಲಿಂದ ಸಾರಕ್ಕಿಯ ಶೆಡ್ಡುಗಳಿಗೆ ಕೆಲವೇ ಕಿಲೋಮೀಟರುಗಳ ದಾರಿ. ವಿಜ್ಞಾನ ಬಲ್ಲವರು, ಭಾಷೆ ಬಲ್ಲವರು ಮತ್ತು ಒಲೆಯ ಮುಂದೆ ನಿಲ್ಲುವವರು ಒಂದೇ ಊರಿನ ಒಂದೇ ಮಗ್ಗುಲಲ್ಲಿದ್ದಾರೆ. ಸ್ನಾತಕೋತ್ತರ ತರಗತಿಯ ಕ್ಷೇತ್ರಕಾರ್ಯಕ್ಕೆ ವರ್ಷಕ್ಕೆ ನಾಲ್ಕು ವಿದ್ಯಾರ್ಥಿಗಳನ್ನು ಇಂಥ ಕಾರ್ಖಾನೆಗಳಿಗೆ ಕಳುಹಿಸುವುದು ಯಾವ ವಿಭಾಗಕ್ಕೂ ಅಸಾಧ್ಯವಲ್ಲ. ಅವರು ತರುವ ಪದಗಳನ್ನು ಲೋಹಶಾಸ್ತ್ರ ಬಲ್ಲವರು ಪರಿಶೀಲಿಸಿದ ಮೇಲಷ್ಟೇ ಪದಕೋಶಕ್ಕೆ ಸೇರಿಸಬೇಕೆಂಬುದು ನನ್ನ ಒತ್ತಾಯ. ಜನರ ಬಾಯಲ್ಲಿರುವುದೆಲ್ಲ ಸರಿ ಎಂಬ ಮುಗ್ಧತೆಯೂ ನಮಗೆ ಬೇಡ.

ಕಳೆದ ಸಲ ಹೋದಾಗ ಅದೇ ಹಿರಿಯರನ್ನು ಇನ್ನೊಂದು ಪದಕ್ಕಾಗಿ ಕೇಳಿದೆ. ಒಲೆಯಲ್ಲಿ ಹೊತ್ತು ಹೆಚ್ಚಾಗಿ ಗಡಸುತನ ಮತ್ತೆ ಇಳಿದ ಲೋಹಕ್ಕೆ ಏನೆನ್ನುತ್ತೀರಿ ಎಂದು. ‘ಕಳಿತ’ ಎಂಬ ಪದವನ್ನು ನಾನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡೇ ಹೋಗಿದ್ದೆ, ಕಳಿತ ಬಾಳೆಹಣ್ಣಿನ ಹಾಗೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅದಕ್ಕೆ ನಾವೇನೂ ಹೆಸರು ಇಟ್ಟಿಲ್ಲ ಮೇಡಂ, ಹೊತ್ತು ಮೀರಿತು ಅಂತೀವಿ” ಎಂದರು. ಚೀಟಿಯಲ್ಲಿ ಹಾಗೆಯೇ ಬರೆದುಕೊಂಡೆ. ‘ಕಳಿತ’ವನ್ನು ಹೊಡೆದುಹಾಕಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇನೆ.